ಮುಯ್ಯಿ ಪುಸ್ತಕದ ಉಳಿದ ಪುಟಗಳು

ದಾವಣಗೆರೆಯ ಯಾವ ಕಲ್ಯಾಣ ಮಂಟಪಕ್ಕಾದರೂ ಹೋಗಿ ನೋಡಿ. ಧಾರೆ ಮುಗಿದು ಊಟದ ಪಂಕ್ತಿ ಶುರುವಾಗುವ ಹೊತ್ತಿಗೆ ವೇದಿಕೆ ಪಕ್ಕ ಒಂದು ಮೇಜು ಬಿದ್ದಿರುತ್ತದೆ. ಮೇಜಿನ ಹಿಂದೆ ಇಬ್ಬರು, ಒಬ್ಬರ ಕೈಯಲ್ಲಿ ಪೆನ್ನು, ಇನ್ನೊಬ್ಬರ ತೊಡೆ ಮೇಲೆ ಚೀಲ. ಇವರು ಮುಯ್ಯಿ ಬರೆಯುವವರು. ಊರು, ಹೆಸರು, ಮೊತ್ತ, ಇಷ್ಟೇ ಅಂಕಣ. ಮಲೇಬೆನ್ನೂರಿನವರು 501, ಹರಪನಹಳ್ಳಿಯವರು 1,001, ತಾಯಿ ಕಡೆಯವರು ಇಷ್ಟು, ಆಫೀಸಿನವರು ಅಷ್ಟು. ರಾತ್ರಿ ಎಣಿಸಿ, ಕೂಡಿಸಿ, ಕೆಳಗೆ ಗೆರೆ ಎಳೆದ ಮೇಲೆ ಪುಸ್ತಕ ಬೀರು ಸೇರುತ್ತದೆ. ಹತ್ತು ವರ್ಷ ಬಿಟ್ಟು ಅವರ ಮನೆಯಿಂದ ಲಗ್ನಪತ್ರಿಕೆ ಬಂದ ದಿನ ಮತ್ತೆ ಹೊರಬರುತ್ತದೆ. ಅವರು ಎಷ್ಟು ಹಾಕಿದ್ದರು, ನಾವೆಷ್ಟು ಹಾಕಬೇಕು?

ಬೇರೆಯವರ ದುಡ್ಡಿಗೆ ಇಷ್ಟು ಅಚ್ಚುಕಟ್ಟಾದ ಲೆಕ್ಕ ಇಡುವ ಅದೇ ಮನೆಯಲ್ಲಿ, ಅದೇ ವೇದಿಕೆ ಮೇಲೆ ತಾಳಿ ಕಟ್ಟಿ ಕಟ್ಟಿಸಿಕೊಂಡ ಇಬ್ಬರ ಲೆಕ್ಕಕ್ಕೆ ಮಾತ್ರ ಪುಸ್ತಕವಿಲ್ಲ. ಅವನ ಕೈಗೆ ನಿಜವಾಗಿ ಬರುವ ಸಂಬಳ ಎಷ್ಟು, ಅಣ್ಣನ ಬೈಕಿನ ಸಾಲಕ್ಕೆ ಅವನು ಜಾಮೀನು ನಿಂತಿದ್ದಾನೋ ಇಲ್ಲವೋ, ಅವಳ ಹೆಸರಲ್ಲಿ ತವರಿನವರು ಇಟ್ಟ ಠೇವಣಿ ಇದೆಯೋ, ಓದಿನ ಸಾಲ ಬಾಕಿಯಿದೆಯೋ, ಇವೆಲ್ಲ ಮದುವೆಯಾಗಿ ವರ್ಷಗಳು ಕಳೆದ ಮೇಲೆ, ಅದೂ ಯಾವುದೋ ಜಗಳದ ನಡುವೆ, ಒಂದೊಂದಾಗಿ ಹೊರಬೀಳುತ್ತವೆ. ಮುಯ್ಯಿ ಪುಸ್ತಕದಲ್ಲಿ ತುಂಬುವುದು ಮೊದಲ ನಲವತ್ತು ಐವತ್ತು ಪುಟ. ಉಳಿದ ಪುಟಗಳು ಬೀರುವಿನ ಕತ್ತಲಲ್ಲಿ ಹಾಗೇ ಖಾಲಿ ಇರುತ್ತವೆ. ಈ ಲೇಖನ ಆ ಖಾಲಿ ಪುಟಗಳ ಬಗ್ಗೆ.

ದೊಡ್ಡಪ್ಪ ಬಂದಾಗ ಬಾಯಿ ಬಂದ್

'ದುಡ್ಡೇ ದೊಡ್ಡಪ್ಪ' ಎನ್ನುತ್ತೇವೆ. ದೊಡ್ಡಪ್ಪ ಮನೆಗೆ ಬಂದರೆ ಹಳೆಯ ಮನೆಗಳಲ್ಲಿ ಗಂಡ ಹೆಂಡತಿ ಎದುರುಬದುರು ಕೂತು ಮಾತಾಡುತ್ತಿರಲಿಲ್ಲ. ದುಡ್ಡಿನ ವಿಷಯದಲ್ಲಿ ಆ ಮರ್ಯಾದೆ ಇಂದಿಗೂ ನಡೆದುಕೊಂಡು ಬಂದಿದೆ. ಸಂಜೆ ಟೀ ಕುಡಿಯುತ್ತ ನಡೆಯುವ ಈ ಮಾತು ಯಾರ ಮನೆಯದ್ದೂ ಆಗಬಹುದು:

"ರೀ, ಈ ತಿಂಗಳು ಎಷ್ಟು ಉಳೀತು?"

"ಯಾಕೆ? ಏನಾತು?"

"ಏನಿಲ್ರಿ, ಸುಮ್ನೆ ಕೇಳಿದೆ."

"ಸುಮ್ನೆ ಯಾರಾದ್ರೂ ಲೆಕ್ಕ ಕೇಳ್ತಾರಾ?"

ಗಂಡನ ಕೊನೆಯ ಮಾತಿನಲ್ಲಿ ಇಡೀ ಸಮಸ್ಯೆ ಅಡಗಿದೆ. ಕನ್ನಡದಲ್ಲಿ 'ಲೆಕ್ಕ ಕೇಳುವುದು' ಎಂದರೆ ತಪ್ಪು ಹುಡುಕುವುದು. ಸಂಘದ ಕಾರ್ಯದರ್ಶಿಯನ್ನು ಲೆಕ್ಕ ಕೇಳುತ್ತಾರೆ, ಗುತ್ತಿಗೆದಾರನನ್ನು ಲೆಕ್ಕ ಕೇಳುತ್ತಾರೆ. 'ಲೆಕ್ಕ ಒಪ್ಪಿಸು' ಎಂದರಂತೂ ಕಟಕಟೆಯ ವಾಸನೆಯೇ ಬರುತ್ತದೆ. ಹೆಂಡತಿ ಕೇಳಿದರೆ ಗಂಡನಿಗೆ ಅನುಮಾನವಾಗಿ ಕೇಳಿಸುತ್ತದೆ. ತರಕಾರಿಗೆ ಕೊಟ್ಟ ಐನೂರರ ಚಿಲ್ಲರೆ ಎಲ್ಲಿ ಎಂದು ಗಂಡ ಕೇಳಿದರೆ ಹೆಂಡತಿಗೆ ಅವಮಾನವಾಗಿ ಕೇಳಿಸುತ್ತದೆ. ಆದರೆ ಇದೇ ಭಾಷೆಯಲ್ಲಿ ಇನ್ನೊಂದು ಮಾತೂ ಇದೆ, 'ಲೆಕ್ಕ ಹಾಕುವುದು'. ಮನೆ ಕಟ್ಟುವ ಮುನ್ನ, ಜಾತ್ರೆಗೆ ಬೀಗರನ್ನು ಕರೆಯುವ ಮುನ್ನ ಲೆಕ್ಕ ಹಾಕುತ್ತೇವೆ. ಅದರಲ್ಲಿ ಆರೋಪಿ ಇಲ್ಲ. ಕೇಳುವ ಲೆಕ್ಕ ಹಿಂದಿನದ್ದು, ಹಾಕುವ ಲೆಕ್ಕ ಮುಂದಿನದ್ದು. ಗಂಡ ಹೆಂಡತಿ ನಡುವೆ ಕಾಣೆಯಾಗಿರುವುದು ಈ ಎರಡನೆಯದು.

ಕಾಣುತ್ತಿದ್ದ ದುಡ್ಡು ಕಾಣದಾದದ್ದು

ಹಿಂದೆ ಎಲ್ಲ ಬಿಚ್ಚಿಟ್ಟು ಮಾತಾಡುತ್ತಿದ್ದರು ಎಂದೇನಲ್ಲ. ಆದರೆ ದುಡ್ಡು ಕಣ್ಣಿಗೆ ಕಾಣುತ್ತಿತ್ತು. ದಾವಣಗೆರೆ 'ಕರ್ನಾಟಕದ ಮ್ಯಾಂಚೆಸ್ಟರ್' ಎನಿಸಿಕೊಂಡಿದ್ದ ಹತ್ತಿ ಮಿಲ್ಲುಗಳ ಕಾಲದಲ್ಲಿ, 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇತ್ ಯಂತ್ರಗಳನ್ನು ಮಾಡುತ್ತಿದ್ದ ಕಾಲದಲ್ಲಿ, ಸಂಬಳದ ದಿನ ಕಾರ್ಮಿಕನ ಮನೆಗಷ್ಟೇ ಅಲ್ಲ, ಕಿರಾಣಿ ಅಂಗಡಿಯವನಿಗೂ ಗೊತ್ತಿರುತ್ತಿತ್ತು. ಯಂತ್ರಪುರದ ಸಾಲುಮನೆಗಳಲ್ಲಿ ಪಕ್ಕದ ಮನೆಯವರ ಸಂಬಳ ಎಷ್ಟೆಂದು ಊಹಿಸುವುದು ಕಷ್ಟವಿರಲಿಲ್ಲ, ಅವರದ್ದೂ ಅದೇ ಕಾರ್ಖಾನೆ. ನೋಟು ಮನೆಗೆ ಬರುತ್ತಿತ್ತು, ದೇವರ ಮುಂದೆ ಕೂರುತ್ತಿತ್ತು, ಅಲ್ಲಿಂದ ಅಕ್ಕಿಗೆ, ಬಾಡಿಗೆಗೆ, ಫೀಸಿಗೆ ಪಾಲಾಗುತ್ತಿತ್ತು. ಒಂದು ಪಾಲು ಹೆಂಗಸರ ಸಾಸಿವೆ ಡಬ್ಬಿಗೂ ಸದ್ದಿಲ್ಲದೆ ಇಳಿಯುತ್ತಿತ್ತು.

ಮಿಲ್ಲುಗಳು ಒಂದೊಂದಾಗಿ ನಿಂತವು. ಕಿರ್ಲೋಸ್ಕರ್ ಕಾರ್ಖಾನೆಯೂ ಬಾಗಿಲು ಹಾಕಿತು. ಒಂದೇ ಗೇಟಿನಿಂದ ಒಂದೇ ದಿನ ಬರುತ್ತಿದ್ದ ಸಂಬಳದ ಜಾಗಕ್ಕೆ ಈಗ ಹತ್ತು ಕಡೆಯ ಹನಿ ಬಂದಿದೆ: ಅಂಗಡಿ ಕೆಲಸ, ಕಮಿಷನ್, ಟ್ಯೂಷನ್, ಮನೆ ಬಾಡಿಗೆ, ಚೀಟಿ, ಬೆಂಗಳೂರಿನಲ್ಲಿರುವ ಮಗ ಹಾಕುವ ದುಡ್ಡು. ಮೇಲೆ 2016ರಲ್ಲಿ ಯುಪಿಐ ಬಂತು. ದುಡ್ಡಿಗೆ ಸದ್ದಿಲ್ಲ, ತೂಕವಿಲ್ಲ, ಅದು ಗಂಡನ ಫೋನಿನಿಂದ ಹೊರಟು ಇನ್ನೆಲ್ಲೋ ಇಳಿಯುತ್ತದೆ. ಫೋನಿಗೆ ಬೀಗ ಬೇರೆ. ಮೊದಲು ಕೇಳದೆಯೂ ಕಾಣುತ್ತಿದ್ದುದು ಈಗ ಹೇಳದಿದ್ದರೆ ಕಾಣುವುದಿಲ್ಲ. ಅಜ್ಜ ಅಜ್ಜಿ ಮಾತಾಡದೆಯೇ ಸಂಸಾರ ಮಾಡಲಿಲ್ಲವೇ ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ.

ಮಂಡಕ್ಕಿ ಭಟ್ಟಿಯ ಗಲ್ಲಾ

ದಾವಣಗೆರೆಯಲ್ಲಿ ಇನ್ನೊಂದು ಬಗೆಯ ಸಂಸಾರವಿದೆ. ಮಂಡಕ್ಕಿ ಭಟ್ಟಿಯಲ್ಲಿ, ಮೆಣಸಿನಕಾಯಿ ಬಜ್ಜಿಯ ಗಾಡಿಯಲ್ಲಿ, ಬೆಣ್ಣೆ ದೋಸೆಯ ಸಣ್ಣ ಹೋಟೆಲಿನಲ್ಲಿ ಗಂಡ ಹೆಂಡತಿ ಇಬ್ಬರೂ ದುಡಿಯುತ್ತಾರೆ. ಹೊಗೆ ಇಬ್ಬರ ಕಣ್ಣಿಗೂ ಸಮ, ಗಲ್ಲಾ ಮಾತ್ರ ಒಬ್ಬರ ಕೈಯಲ್ಲಿ. ಹಿಟ್ಟು ಕಲಸಿದವಳಿಗೆ ಕೂಲಿ ಎಂಬುದಿಲ್ಲ. ಕೂಲಿ ಇಲ್ಲದ್ದರಿಂದ ಕೆಲಸ ಮಾಡಿದ್ದೂ ಲೆಕ್ಕಕ್ಕೆ ಬರುವುದಿಲ್ಲ. "ನಮ್ಮನೆಯವಳು ಮನೇಲೇ ಇರ್ತಾಳೆ" ಎಂದು ಗಂಡ ಜನಗಣತಿಯವರಿಗೆ ಹೇಳಿದರೆ ಅವನು ಸುಳ್ಳು ಹೇಳಿದಂತೆ ಅವನಿಗೇ ಅನಿಸುವುದಿಲ್ಲ. ಅಡುಗೆಮನೆಯಲ್ಲೇ ದಿನ ಕಳೆಯುವ ಗೃಹಿಣಿಯ ಸ್ಥಿತಿಯೂ ಇದೇ.

ನ್ಯಾಯಾಲಯಗಳು ಈಗ ಈ ದುಡಿಮೆಗೆ ಬೆಲೆ ಕಟ್ಟತೊಡಗಿವೆ. ಗಂಡ ಕೊಂಡ ಆಸ್ತಿಯಲ್ಲಿ ಮನೆ ನಡೆಸಿದ ಹೆಂಡತಿಯ ಶ್ರಮದ ಪಾಲೂ ಇದೆ ಎಂದು ಮದ್ರಾಸ್ ಹೈಕೋರ್ಟ್ 2023ರ ಜೂನ್‌ನಲ್ಲಿ ಹೇಳಿತು. 2024ರ ಜುಲೈ 10ರಂದು ಸುಪ್ರೀಂ ಕೋರ್ಟ್‌ನ ಜೀವನಾಂಶದ ತೀರ್ಪೊಂದರಲ್ಲಿ, ನಮ್ಮ ನಾಡಿನವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ತಾವು ಪ್ರತ್ಯೇಕವಾಗಿ ಬರೆದ ಭಾಗದಲ್ಲಿ ಗಂಡಂದಿರಿಗೆ ಒಂದು ನೇರ ಮಾತು ಹೇಳಿದರು. ಸ್ವಂತ ಆದಾಯವಿಲ್ಲದ ಹೆಂಡತಿಗೆ ಹಣ ಕೈಗೆಟುಕುವಂತೆ ಮಾಡುವುದು ಗಂಡನ ಹೊಣೆ. ಜಂಟಿ ಖಾತೆ, ಎಟಿಎಂ ಕಾರ್ಡು ಹಂಚಿಕೊಳ್ಳುವುದು ಅದಕ್ಕಿರುವ ದಾರಿಗಳು. ದೇಶದ ಅತ್ಯುನ್ನತ ನ್ಯಾಯಾಲಯ ಎಟಿಎಂ ಕಾರ್ಡಿನವರೆಗೆ ಇಳಿದು ಹೇಳಬೇಕಾಯಿತು ಎಂದರೆ ಮನೆಯೊಳಗಿನ ಮೌನ ಎಷ್ಟು ಗಟ್ಟಿಯಿರಬೇಕು!

ಇದಕ್ಕಿಂತ ಕಹಿಯಾದ ಸಂಗತಿ ಇನ್ನೊಂದಿದೆ. ಜೀವನಾಂಶದ ಪ್ರಕರಣಗಳಲ್ಲಿ ಗಂಡ ಹೆಂಡತಿ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲಗಳ ಪೂರ್ತಿ ವಿವರವನ್ನು ಪ್ರಮಾಣಪತ್ರದಲ್ಲಿ ಸಲ್ಲಿಸಬೇಕೆಂದು ಸುಪ್ರೀಂ ಕೋರ್ಟ್ 2020ರ ನವೆಂಬರ್‌ನಲ್ಲಿ, ರಜನೀಶ್ ಮತ್ತು ನೇಹಾ ಪ್ರಕರಣದಲ್ಲಿ ಕಡ್ಡಾಯ ಮಾಡಿತು. ಸಂಸಾರ ಮಾಡುವಾಗ ಒಬ್ಬರಿಗೊಬ್ಬರು ತೋರಿಸದ ಲೆಕ್ಕ, ಸಂಸಾರ ಮುರಿದ ಮೇಲೆ ವಕೀಲರ ಕೈಯಿಂದ ಕೈ ಬದಲಾಗುತ್ತದೆ.

ಅಳತೆ ಗೊತ್ತಿದ್ದ ಲಕ್ಕಮ್ಮ

ಗಂಡ ಹೆಂಡತಿ ದುಡಿಮೆಯ ಬಗ್ಗೆ ಮುಕ್ತವಾಗಿ ಮಾತಾಡಿದ ಒಂದು ಮಾದರಿ ನಮ್ಮಲ್ಲೇ ಇದೆ. ಹನ್ನೆರಡನೆಯ ಶತಮಾನದ ಆಯ್ದಕ್ಕಿ ಮಾರಯ್ಯ ಕಲ್ಯಾಣದಲ್ಲಿ ಶರಣರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದವನು. ಹೆಂಡತಿ ಲಕ್ಕಮ್ಮ ಅದನ್ನೇ ಬೇಯಿಸಿ ದಾಸೋಹ ನಡೆಸುತ್ತಿದ್ದಳು. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದ. ಅವಳು ನೋಡಿದವಳೇ, ಇಷ್ಟು ನಮಗೆ ಬೇಡ, ಹೆಚ್ಚಿನದನ್ನು ತಂದಲ್ಲೇ ಸುರಿದು ಬಾ ಎಂದಳು. ಅವನು ಹಾಗೇ ಮಾಡಿದ.

ಈ ಕಥೆಯನ್ನು ನಾವು ಸಾಮಾನ್ಯವಾಗಿ ಆಸೆಯ ವಿರುದ್ಧದ ಪಾಠವಾಗಿ ಹೇಳುತ್ತೇವೆ. ಸಂಸಾರದ ಕಣ್ಣಿಂದ ನೋಡಿದರೆ ಅದರಲ್ಲಿ ಬೇರೆ ಮೂರು ಸಂಗತಿ ಇವೆ. ಮಾರಯ್ಯ ಗಂಟನ್ನು ಬಿಚ್ಚಿ ಹೆಂಡತಿಯ ಮುಂದಿಟ್ಟ. ದಿನದ ಅಳತೆ ಎಷ್ಟೆಂದು ಲಕ್ಕಮ್ಮನಿಗೆ ಗೊತ್ತಿತ್ತು, ಹಾಗಾಗಿಯೇ ಹೆಚ್ಚಾದದ್ದು ಕಂಡಿತು. ಕಂಡದ್ದನ್ನು ಹೇಳುವ ಧೈರ್ಯ ಅವಳಿಗೂ, ಕೇಳುವ ಮನಸ್ಸು ಅವನಿಗೂ ಇತ್ತು. ಇಂದಿನ ಎಷ್ಟೋ ಮನೆಗಳಲ್ಲಿ ಗಂಟು ಬಿಚ್ಚುವುದೇ ಇಲ್ಲ. ಎಂದಿನ ಅಳತೆ ಗೊತ್ತಿಲ್ಲದವಳಿಗೆ ಹೆಚ್ಚು ಬಂದದ್ದೂ ತಿಳಿಯದು, ಆನ್‌ಲೈನ್ ಆಟದಲ್ಲಿ ಕರಗಿ ಕಡಿಮೆಯಾದದ್ದೂ ತಿಳಿಯದು.

ಅವಳ ಹೆಸರಲ್ಲಿ ಸಾಲ, ಅವಳ ಸರ ಅಡ

ಮೌನದ ಬೆಲೆ ಹೆಚ್ಚು ತೆರಬೇಕಾಗುವುದು ಸಾಲದಲ್ಲಿ. ಸ್ತ್ರೀಶಕ್ತಿ ಗುಂಪು, ಸಂಘ, ಮೈಕ್ರೋ ಫೈನಾನ್ಸ್ ಇವೆಲ್ಲ ಹೆಂಗಸರ ಹೆಸರಿಗೇ ಸಾಲ ಕೊಡುತ್ತವೆ. ಹೆಬ್ಬೆಟ್ಟು ಅವಳದ್ದು, ದುಡ್ಡು ಗಂಡನ ವ್ಯಾಪಾರಕ್ಕೆ, ವಾರದ ಕಂತಿಗೆ ಗುಂಪಿನಲ್ಲಿ ತಲೆ ತಗ್ಗಿಸುವವಳು ಅವಳು. ಇದರ ತಿರುಗುಮುರುಗೂ ಉಂಟು. ತವರಿನ ಕಷ್ಟಕ್ಕೆಂದು ಗಂಡನಿಗೆ ಹೇಳದೆ ಸಾಲ ಎತ್ತಿ, ಅದನ್ನು ತೀರಿಸಲು ಇನ್ನೊಂದು ಎತ್ತಿ, ಕೊನೆಗೆ ವಸೂಲಿಯವರು ಬಾಗಿಲಿಗೆ ಬಂದಾಗ ಎಲ್ಲ ಒಮ್ಮೆಗೇ ಬಯಲಾಗುವುದು. ವಸೂಲಿಯವರ ಕಿರುಕುಳ ಮಿತಿಮೀರಿದ್ದಕ್ಕೇ ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದು ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ ಎಂದಿತು. ಬಾಗಿಲಿಗೆ ಬಂದವರನ್ನು ಕಾನೂನು ತಡೆಯಬಹುದು. ಬಾಗಿಲ ಒಳಗಿನ ಗುಟ್ಟು ಅದರ ಕೈಗೆ ಸಿಗುವಂಥದ್ದಲ್ಲ.

ಚಿನ್ನದ್ದು ಇನ್ನೊಂದು ಕಥೆ. 2024ರ ಅಕ್ಟೋಬರ್ ಕೊನೆಯಲ್ಲಿ ನಮ್ಮ ಜಿಲ್ಲೆಯ ನ್ಯಾಮತಿಯ ಬ್ಯಾಂಕ್ ಶಾಖೆಯೊಂದರಿಂದ ಗ್ರಾಹಕರು ಅಡವಿಟ್ಟಿದ್ದ ಸುಮಾರು 17 ಕಿಲೋ ಚಿನ್ನ ಕಳುವಾಯಿತು. ತಿಂಗಳುಗಳ ನಂತರ ಪೊಲೀಸರು ಅದನ್ನು ತಮಿಳುನಾಡಿನ ಬಾವಿಯೊಂದರಿಂದ ಮೇಲೆತ್ತಿದರು. ಅಂಥ ಸುದ್ದಿ ಬಂದ ದಿನ, ತನ್ನ ಸರ ಬೀರುವಿನಲ್ಲಿದೆ ಎಂದುಕೊಂಡಿದ್ದ ಹೆಂಡತಿಗೆ ಎರಡು ಕಳುವು ಒಟ್ಟಿಗೆ ಗೊತ್ತಾಗುತ್ತವೆ. ಬ್ಯಾಂಕಿನಿಂದ ಕದ್ದವರು ಸಿಕ್ಕಿಬೀಳುತ್ತಾರೆ, ಬೀರುವಿನಿಂದ ತೆಗೆದವನು ಎದುರಿಗೇ ಕೂತು ಊಟ ಮಾಡುತ್ತಿರುತ್ತಾನೆ. ತವರಿನವರು, ಬಂಧುಗಳು ಅವಳಿಗೆಂದು ಕೊಟ್ಟದ್ದು ಸ್ತ್ರೀಧನ. ಅದರ ಒಡತಿ ಅವಳೊಬ್ಬಳೇ ಎಂದು ಸುಪ್ರೀಂ ಕೋರ್ಟ್ 1985ರಲ್ಲೇ ಸ್ಪಷ್ಟಪಡಿಸಿದೆ. ಕಷ್ಟಕ್ಕೆ ಅಡ ಇಡುವುದು ತಪ್ಪಲ್ಲ. ಬಿತ್ತನೆ ಬೀಜಕ್ಕೆ, ಆಸ್ಪತ್ರೆಗೆ, ಮಗಳ ಫೀಸಿಗೆ ಸರ ಬ್ಯಾಂಕಿಗೆ ಹೋಗಿ ವಾಪಸು ಬರುವುದು ನಮ್ಮ ಊರುಗಳಲ್ಲಿ ವರ್ಷವರ್ಷದ ಓಡಾಟ. ಕೇಳಿ ತೆಗೆದರೆ ಅದು ಸಾಲ, ಕೇಳದೆ ತೆಗೆದರೆ ಅದರ ಹೆಸರು ಬೇರೆ.

ಈ ನಡುವೆ 2023ರ ಆಗಸ್ಟ್ ಕೊನೆಗೆ ಶುರುವಾದ ಗೃಹಲಕ್ಷ್ಮಿ ಯೋಜನೆ ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ ಹಾಕುತ್ತಿದೆ. ಮೊತ್ತ ದೊಡ್ಡದಲ್ಲ. ಆದರೆ ಎಷ್ಟೋ ಮನೆಗಳಲ್ಲಿ "ದುಡ್ಡು ಬಂತಾ?" ಎಂದು ಗಂಡ ಹೆಂಡತಿಯನ್ನು ಕೇಳುವಂತಾದದ್ದು ಇದೇ ಮೊದಲು. ಕೇಳುವವರ ಮತ್ತು ಹೇಳುವವರ ಜಾಗ ಒಂದು ಕ್ಷಣ ಅದಲು ಬದಲಾಯಿತು. ಕೇಳಿಸಿಕೊಳ್ಳುವುದು ಹೇಗಿರುತ್ತದೆ, ಕೇಳುವುದು ಹೇಗಿರುತ್ತದೆ ಎಂದು ಇಬ್ಬರಿಗೂ ಗೊತ್ತಾಗಲು ಇಷ್ಟು ಸಾಕು.

ಕೂತು ಹಾಕುವ ಲೆಕ್ಕ

ಹಾಗಾದರೆ ಕೂರುವುದು ಹೇಗೆ? ಅಂಗಡಿಯವರಿಂದ ಕಲಿಯಬಹುದು. ದೀಪಾವಳಿಗೆ ಅವರು ಖಾತೆ ಪುಸ್ತಕಕ್ಕೆ ಅರಿಶಿನ ಕುಂಕುಮ ಇಟ್ಟು ಪೂಜಿಸುತ್ತಾರೆ, ಅಮಾವಾಸ್ಯೆಗೊಮ್ಮೆ ಅಂಗಡಿ ಪೂಜೆ ಮಾಡುತ್ತಾರೆ. ಜಗಳ ಇರಲಿ ಇಲ್ಲದಿರಲಿ, ಆ ದಿನ ಬಂದರೆ ಪುಸ್ತಕ ತೆರೆಯಲೇಬೇಕು. ಮನೆಗೂ ಅಂಥದ್ದೊಂದು ದಿನ ಗೊತ್ತುಮಾಡಿದರೆ, ಲೆಕ್ಕ ತೆಗೆಯಲು ಕಾರಣ ಹುಡುಕಬೇಕಿಲ್ಲ, "ಯಾಕೆ? ಏನಾತು?" ಎಂಬ ಪ್ರಶ್ನೆಯೂ ಏಳುವುದಿಲ್ಲ. ಸಂಬಳದ ಮನೆಗೆ ತಿಂಗಳಿಗೊಮ್ಮೆ ಸಾಕು. ಭದ್ರಾ ನಾಲೆಯ ಕೊನೆ ಭಾಗದಲ್ಲಿ ನೀರು ಬರುತ್ತದೋ ಇಲ್ಲವೋ ಎಂದು ಕಾಯುವ ಭತ್ತದ ರೈತನಿಗೆ ತಿಂಗಳ ಲೆಕ್ಕ ಕೆಲಸಕ್ಕೆ ಬಾರದು. ಅಂಥ ಮನೆಯವರು ಎರಡು ಸಲ ಕೂರಬೇಕು, ನಾಟಿಗೆ ಮುಂಚೆ ಒಮ್ಮೆ, ಮಾಲು ಮಾರಿ ದಲಾಲಿ ಅಂಗಡಿಯ ಮುಂಗಡ ಮುರಿದ ಮೇಲೆ ಒಮ್ಮೆ.

ಕೂಡುಕುಟುಂಬದ ಮನೆಯಲ್ಲಿ ಗೋಡೆಗೂ ಕಿವಿ. ಅಂಥವರು ಭಾನುವಾರ ಬೆಳಿಗ್ಗೆ ಕುಂದವಾಡ ಕೆರೆ ಏರಿ ಮೇಲೆ ಒಂದು ಸುತ್ತು ಹಾಕಲಿ, ಹರಿಹರದವರಿಗೆ ತುಂಗಭದ್ರೆಯ ದಡವಿದೆ. ಹಸಿದಾಗ, ಮಕ್ಕಳ ಮುಂದೆ, ಬೀಗರು ಹೋದ ರಾತ್ರಿ ಈ ಮಾತು ಬೇಡ.

ಏನು ಮಾತಾಡಬೇಕು? ಮೊದಲ ದಿನ ನಾಲ್ಕೇ ಸಾಲು: ಬರುವುದೆಷ್ಟು, ಕೊಡಬೇಕಾದ್ದೆಷ್ಟು, ಬರಬೇಕಾದ್ದೆಷ್ಟು, ಯಾರಿಗೆ ಜಾಮೀನು ನಿಂತಿದ್ದೇವೆ. ಮೂರನೆಯದು ಸ್ವಲ್ಪ ನೋವಿನದ್ದು. 'ಕೊಟ್ಟವನು ಕೋಡಂಗಿ, ಈಸ್ಕೊಂಡವನು ಈರಭದ್ರ' ಎಂಬ ಗಾದೆ ಹುಟ್ಟಿದ್ದೇ ಕೈಸಾಲದಿಂದ. ಗೆಳೆಯನಿಗೆ ಕೊಟ್ಟು ಬಾರದ ದುಡ್ಡನ್ನು ಗಂಡಸರು ಹೆಂಡತಿಗೆ ಹೇಳದಿರುವುದು ದುರಾಸೆಯಿಂದಲ್ಲ, ಕೋಡಂಗಿ ಎನಿಸಿಕೊಳ್ಳುವ ನಾಚಿಕೆಯಿಂದ.

ಇಬ್ಬರೂ ದುಡಿಯುವ ಮನೆಯಲ್ಲಿ ಪಾಲಿನ ಪ್ರಶ್ನೆ ಏಳುತ್ತದೆ. ಒಂದು ಉದಾಹರಣೆ ಇಟ್ಟುಕೊಳ್ಳೋಣ. ಗಂಡನಿಗೆ ಹೊಳೆಯಾಚೆ ಕುಮಾರಪಟ್ಟಣದ ಕಾರ್ಖಾನೆಯಲ್ಲಿ ಕೆಲಸ, ಸಂಬಳ 32,000. ಹೆಂಡತಿ ಹರಿಹರದಿಂದ ದಾವಣಗೆರೆಯ ಶಾಲೆಗೆ ದಿನಾ ಬಸ್ಸಿನಲ್ಲಿ ಓಡಾಡುವ ಶಿಕ್ಷಕಿ, ಸಂಬಳ 18,000. ಮನೆ ಖರ್ಚು 30,000. ಸಮಪಾಲು ಎಂದು ತಲಾ 15,000 ಹಾಕಿದರೆ ಅವನ ಕೈಯಲ್ಲಿ 17,000 ಉಳಿಯುತ್ತದೆ, ಅವಳ ಕೈಯಲ್ಲಿ 3,000. ಹೆಸರಿಗೆ ಸಮ, ನಿಜಕ್ಕೆ ಅಲ್ಲ. ದುಡಿಮೆಗೆ ತಕ್ಕಂತೆ ಹಾಕಿದರೆ ಅವನದು 19,200, ಅವಳದು 10,800. ಉಳಿಯುವುದು 12,800 ಮತ್ತು 7,200. ಮನೆ ಖರ್ಚಿಗೆ ಇಬ್ಬರ ಹೆಸರಲ್ಲಿ ಒಂದು ಜಂಟಿ ಖಾತೆ, ಉಳಿದದ್ದಕ್ಕೆ ತಮ್ಮ ತಮ್ಮ ಖಾತೆ. ಹರಿಹರೇಶ್ವರನ ಮೂರ್ತಿಯಲ್ಲಿ ಕಲ್ಲು ಒಂದೇ, ಆದರೂ ಬಲಗೈಯದ್ದು ಶಿವನ ಆಯುಧ, ಎಡಗೈಯದ್ದು ವಿಷ್ಣುವಿನದ್ದು. ಒಬ್ಬರದ್ದನ್ನು ಇನ್ನೊಬ್ಬರ ಕೈಗೆ ತುರುಕಿಲ್ಲ. ತನ್ನ ಕೈಯ ದುಡ್ಡಿನಲ್ಲಿ ಅವನು ಗೆಳೆಯರಿಗೆ ದೋಸೆ ಕೊಡಿಸಲಿ, ಅವಳು ತಂಗಿಗೆ ಸೀರೆ ಕೊಡಿಸಲಿ, ಅದಕ್ಕೆ ಲೆಕ್ಕ ಕೇಳಬಾರದು. ಮುಕ್ತವಾಗಿರುವುದು ಎಂದರೆ ಪ್ರತಿ ಹತ್ತು ರೂಪಾಯಿಗೂ ರಸೀದಿ ತೋರಿಸುವುದಲ್ಲ.

ಒಂದು ದಿನವನ್ನು ಕಾಗದಗಳಿಗೆ ಮೀಸಲಿಡಿ. ಮದುವೆಗೆ ಮುಂಚೆ ತೆರೆದ ಖಾತೆಗೆ ನಾಮಿನಿಯಾಗಿ ಅಮ್ಮನ ಹೆಸರಿದ್ದು, ಹದಿನೈದು ವರ್ಷವಾದರೂ ಬದಲಾಗದಿರುವುದು ಸಾಮಾನ್ಯ. ಪಿಎಫ್‌ನಲ್ಲಂತೂ ಮದುವೆಗೆ ಮುಂಚಿನ ನಾಮನಿರ್ದೇಶನ ಮದುವೆಯಾದೊಡನೆ ಅಸಿಂಧು, ಹೊಸದಾಗಿ ಕೊಡಬೇಕು. ಬ್ಯಾಂಕ್ ಖಾತೆಗೆ ನಾಮಿನಿ ಎಂದ ಮಾತ್ರಕ್ಕೆ ವಾರಸುದಾರರಲ್ಲ. ದುಡ್ಡು ಪಡೆದು ವಾರಸುದಾರರಿಗೆ ತಲುಪಿಸುವ ಹೊಣೆಗಾರ, ಅಷ್ಟೇ. 2025ರ ನವೆಂಬರ್ 1ರಿಂದ ಬ್ಯಾಂಕ್ ಖಾತೆಗೆ ನಾಲ್ವರವರೆಗೆ ನಾಮಿನಿ ಹಾಕಬಹುದು. ಸಾಲದಲ್ಲೇ ವ್ಯಾಪಾರ ನಡೆಸುವವರು ತಿಳಿಯಬೇಕಾದ ಹಳೆಯ ಕಾನೂನೊಂದಿದೆ: ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆ, 1874. ಗಂಡ ತನ್ನ ಜೀವದ ಮೇಲೆ ವಿಮೆ ಮಾಡಿಸುವಾಗಲೇ ಅದು ಈ ಕಾಯ್ದೆಯಡಿ ಹೆಂಡತಿ ಮಕ್ಕಳಿಗೆಂದು ಬರೆದುಕೊಟ್ಟರೆ ಆ ಹಣಕ್ಕೆ ಸಾಲ ಕೊಟ್ಟವರು ಕೈಹಾಕುವಂತಿಲ್ಲ. ಮರೆತುಹೋದ ಠೇವಣಿಗಳನ್ನು ಹುಡುಕಲು ರಿಸರ್ವ್ ಬ್ಯಾಂಕ್ 2023ರಲ್ಲಿ 'ಉದ್ಗಮ್' ಎಂಬ ಜಾಲತಾಣವನ್ನೇ ತೆರೆಯಬೇಕಾಯಿತು. ಅಲ್ಲಿ ಸೇರಿರುವ ದುಡ್ಡಿನಲ್ಲಿ, ಇಟ್ಟವರು ಮನೆಯಲ್ಲಿ ಹೇಳದೇ ಹೋದ ದುಡ್ಡೂ ಇದೆ.

ಮೊದಲು ಯಾರು ಬಾಯಿ ಬಿಡಬೇಕು?

ಎಲ್ಲ ಮನೆಗೂ ಒಂದೇ ಮದ್ದಿಲ್ಲ. ಕುಡಿತವಿರುವ, ಕೈ ಮಾಡುವ ಗಂಡನಿರುವ ಮನೆಯಲ್ಲಿ ಸಾಸಿವೆ ಡಬ್ಬಿಯ ದುಡ್ಡು ಹೆಂಡತಿಗೆ ಉಳಿದಿರುವ ಒಂದೇ ಆಸರೆ. ಅದನ್ನು ತೆರೆದು ತೋರಿಸು ಎನ್ನುವುದು ಅನ್ಯಾಯ. ಖರ್ಚಿಗೆ ಕೊಡದಿರುವುದು, ಅವಳ ದುಡ್ಡು ಒಡವೆ ಕಿತ್ತುಕೊಳ್ಳುವುದು 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಆರ್ಥಿಕ ದೌರ್ಜನ್ಯ ಎಂದೇ ದಾಖಲಾಗಿದೆ. ಅಂಥವರಿಗೆ ಬೇಕಾದದ್ದು 181 ಸಹಾಯವಾಣಿ, ಕೆರೆ ಏರಿಯ ಮೇಲಿನ ಮಾತುಕತೆಯಲ್ಲ.

ಉಳಿದ ಮನೆಗಳಲ್ಲಿ ಮೊದಲು ಬಾಯಿ ಬಿಡಬೇಕಾದವರು ಗಲ್ಲಾ ಯಾರ ಕೈಯಲ್ಲಿದೆಯೋ ಅವರು. ಅದು ಹೆಚ್ಚಿನ ಮನೆಗಳಲ್ಲಿ ಗಂಡ, ಕೆಲವು ಮನೆಗಳಲ್ಲಿ ಹೆಂಡತಿ, ಇನ್ನು ಕೆಲವೆಡೆ ಅತ್ತೆ. ಕೇಳುವ ಮೊದಲೇ ಹೇಳಿದರೆ ಅದು ಲೆಕ್ಕ. ಕೇಳಿದ ಮೇಲೆ ಹೇಳಿದರೆ ಅದು ಜವಾಬು. 'ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ' ಎಂಬ ಗಾದೆ ಸಪ್ಪೆಯಾದ ಸಾರಿಗೆ, ಮರೆತ ಸಿನಿಮಾ ಟಿಕೆಟ್ಟಿಗೆ ಸರಿ. ಬಚ್ಚಿಟ್ಟ ಸಾಲದ ಜಗಳ ಉಣ್ಣಲೂ ಬಿಡುವುದಿಲ್ಲ, ಮಲಗಲೂ ಬಿಡುವುದಿಲ್ಲ.

ಬೀರುವಿನಲ್ಲಿ ಸೀರೆಗಳ ಕೆಳಗೆ ಆ ಮುಯ್ಯಿ ಪುಸ್ತಕ ಇದ್ದೇ ಇರುತ್ತದೆ. ಹೊಸ ಡೈರಿ ತರುವುದು ಬೇಡ. ಕೊನೆಯ ಹೆಸರಿನ ಕೆಳಗೆ, ಅಂದು ರಾತ್ರಿ ಎಳೆದ ಗೆರೆಯ ಆಚೆ, ಪುಟ ತಿರುವಿ. ಊರು ಬರೆಯಬೇಕಿಲ್ಲ, ಇಬ್ಬರದ್ದೂ ಒಂದೇ. ಎಡಕ್ಕೆ ಒಬ್ಬರ ಹೆಸರು, ಬಲಕ್ಕೆ ಇನ್ನೊಬ್ಬರದ್ದು. ಮೊದಲ ಮೊತ್ತವನ್ನು ಗಲ್ಲಾ ಹಿಡಿದವರು ಬರೆಯಲಿ.